ಮಕ್ಕಳ ಊರು ಗೊತ್ತುಮಾಡುವ ಅರ್ಲೀನ್

ಬೆಳಗಿನ ಐದೂ ಐವತ್ತು. ಕಾರ್ವರ್ಸ್ ಫೋರ್ಡ್ ಊರಿನ ಎರಡನೇ ಬೀದಿಯಲ್ಲಿ ದೀಪಗಳಿನ್ನೂ ಆರಿಲ್ಲ. ಕಾರಿನ ಮುಂಗಾಜಿಗೆ ಕಚ್ಚಿಕೊಂಡ ಹಿಮವನ್ನು ಹಳೆಯ ಲೈಬ್ರರಿ ಕಾರ್ಡಿನಿಂದ ಕೆರೆದು, ಅಂಗೈಯಗಲದ ಕಿಂಡಿ ಮಾಡಿಕೊಂಡು ಅರ್ಲೀನ್ ವಿಟ್ಕೊ ಕೂತಿದ್ದಾರೆ. ಕಾರಿನ ಹೀಟರ್ ಕೆಟ್ಟು ಎರಡು ಚಳಿಗಾಲ ಆಯಿತು. ತೊಡೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಕ್ಲಿಪ್ ಹಾಕಿದ ರಟ್ಟು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ಈ ಚಳಿಯಲ್ಲಿ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ, ಪೆನ್ಸಿಲ್ ಕೈಕೊಡುವುದಿಲ್ಲ.

ಎದುರಿನ ಬಿಳಿ ಮನೆಯ ಅಡುಗೆಮನೆಯಲ್ಲಿ ದೀಪ ಹತ್ತಿದೆ. ಆರೂ ಹತ್ತಕ್ಕೆ ಪರದೆಯ ಹಿಂದೆ ನೆರಳೊಂದು ಓಡಾಡುತ್ತದೆ. ಆರೂ ಇಪ್ಪತ್ತೆರಡಕ್ಕೆ ಶಾಲೆಯ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಬಾಗಿಲು ತೆರೆದು, ಮಲಗುವ ಉಡುಪಿನ ಮೇಲೆ ಕೋಟು ಎಳೆದುಕೊಂಡ ಹೆಂಗಸೊಬ್ಬಳು ಗಾಲಿಕುರ್ಚಿಯನ್ನು ಹಿಮ್ಮುಖವಾಗಿ ಮೆಟ್ಟಿಲಿಳಿಸುತ್ತಾಳೆ. ಕುರ್ಚಿಯಲ್ಲಿ ಹನ್ನೆರಡರ ಹುಡುಗಿ. ತಲೆಗೂದಲು ಇನ್ನೂ ಒದ್ದೆ, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ಅರ್ಲೀನ್ ಬರೆದುಕೊಳ್ಳುತ್ತಾರೆ: 6.22. ಮುಂಬಾಗಿಲು. ಒದ್ದೆ ಕೂದಲು. ಬ್ರೆಡ್ಡು.

ಒದ್ದೆ ಕೂದಲು ಯಾಕೆ ಎಂದು ಕೇಳಿದರೆ ನಗುತ್ತಾರೆ. "ಬೇರೆ ಊರಲ್ಲಿ ಮಲಗಿ, ಬೆಳಿಗ್ಗೆ ಇಲ್ಲಿಗೆ ತಂದು ಬಿಟ್ಟ ಮಗು ಆಗಿದ್ರೆ ಅಷ್ಟೊತ್ತಿಗೆ ಒದ್ದೆ ಕೂದಲು ಈ ಚಳಿಗೆ ಹೆಪ್ಪುಗಟ್ಟಿ ಕಡ್ಡಿ ಥರ ಸೆಟೆದುಕೊಂಡಿರುತ್ತೆ. ಇದು ಈ ಮನೇಲೇ ಸ್ನಾನ ಮಾಡಿದ ತಲೆ."

ನಾಯಿ ತಿರುಗಾಡಿಸಲು ಹೊರಟ ಮುದುಕರೊಬ್ಬರು ಕಾರಿನ ಗಾಜಿಗೆ ಬೆರಳಿನಿಂದ ಬಡಿದು, ಇವತ್ತು ಯಾರ ಮನೆ ಮುರಿಯೋಕೆ ಬಂದಿದ್ದೀಯಮ್ಮ ಎಂದು ಕೇಳುತ್ತಾರೆ. ಅರ್ಲೀನ್ ಗಾಜು ಇಳಿಸುವುದಿಲ್ಲ. ಒಳಗಿಂದಲೇ, "ಮುರಿಯೋಕಲ್ಲ ಯಜಮಾನ್ರೇ, ಮನೆ ಇದೆ ಅಂತ ಬರೆಯೋಕೆ" ಎನ್ನುತ್ತಾರೆ. ಮುದುಕರಿಗೆ ಕೇಳಿಸಿತೋ ಇಲ್ಲವೋ, ನಾಯಿ ಎಳೆದತ್ತ ಹೋಗುತ್ತಾರೆ.

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅರ್ಲೀನ್ ಬಾಗಿಲು ತಟ್ಟುತ್ತಾರೆ. ಹುಡುಗಿಯ ಚಿಕ್ಕಮ್ಮ ಒಳಗೆ ಕರೆಯುತ್ತಾಳೆ. ಅರ್ಲೀನ್ ನೋಡುವುದು ಎರಡೇ ವಸ್ತು: ಹಾಸಿಗೆ ಮತ್ತು ಹಲ್ಲುಜ್ಜುವ ಬ್ರಷ್ಷು. ಕರೆಂಟ್ ಬಿಲ್ಲು, ಬಾಡಿಗೆ ಕರಾರು ಯಾವುದನ್ನೂ ಅವರು ಮೊದಲು ಕೇಳುವುದಿಲ್ಲ. "ಕಾಗದ ಯಾರು ಬೇಕಾದ್ರೂ ತರ್ತಾರೆ. ಸುಳ್ಳು ವಿಳಾಸಕ್ಕೆ ಯಾರೂ ಬ್ರಷ್ ತಂದಿಡಲ್ಲ. ಅದೂ ಕೂದಲು ಸವೆದು ಸೊಟ್ಟಗಾದ ಬ್ರಷ್."

ಅರ್ಲೀನ್ ಪತ್ತೇದಾರರಲ್ಲ, ಪೊಲೀಸರೂ ಅಲ್ಲ. ಅರವತ್ತೊಂದು ವರ್ಷದ, ಮಂಡಿನೋವಿನ, ಈ ಹತ್ತಾರು ಊರುಗಳ ಆಡಳಿತ ನಡೆಸುವ ಕೌಂಟಿ ಕಚೇರಿಯ ನೌಕರರು. ಒಹಾಯೊ ರಾಜ್ಯದ ಆಗ್ನೇಯ ಮೂಲೆಯ ಗುಡ್ಡಗಳ ನಡುವೆ ಹಂಚಿಹೋದ ಹದಿನಾಲ್ಕು ಪುಟ್ಟ ಶಾಲಾ ಜಿಲ್ಲೆಗಳಿಗೆ ಅವರೊಬ್ಬರೇ ವಾಸಸ್ಥಳ ಪರಿಶೀಲಕಿ. ಊರವರ ಬಾಯಲ್ಲಿ ಅವರ ಹುದ್ದೆಗೆ ಬೇರೆ ಹೆಸರಿದೆ: ಮನೆ ಮೂಸೋಳು.

ಇಲ್ಲಿ ಊರಿಗೊಂದು ಶಾಲಾ ಜಿಲ್ಲೆ. ಅದರದೇ ತೆರಿಗೆ, ಅದರದೇ ಗಡಿ. ಮಗು ಒಂದು ಊರಿನಲ್ಲಿ, ಹೆತ್ತವರು ಇನ್ನೊಂದು ಊರಿನಲ್ಲಿ ಇದ್ದರೆ, ಪಾಠ ಹೇಳುವುದು ಮಗು ಮಲಗುವ ಊರಿನ ಶಾಲೆ. ಅದರ ಖರ್ಚು ಕೊಡುವುದು ಹೆತ್ತವರು ಮಲಗುವ ಊರಿನ ಜಿಲ್ಲೆ. ಎಲ್ಲ ಸರಿಯಿರುವ ಮಗುವಿನ ವಿಷಯದಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಿವಿ ಕೇಳದ ಮಗುವಿಗೆ ಸನ್ನೆಭಾಷೆಯ ದುಭಾಷಿ ಬೇಕು, ನಡೆಯಲಾಗದ ಮಗುವಿಗೆ ಎತ್ತಿಳಿಸುವ ವ್ಯಾನು ಬೇಕು, ಇನ್ನೊಂದು ಮಗುವಿನ ಪಕ್ಕ ದಿನವಿಡೀ ಒಬ್ಬರು ಕೂರಬೇಕು ಎಂದಾಗ ಲೆಕ್ಕ ನಾಲ್ಕು ಪಟ್ಟು, ಐದು ಪಟ್ಟು ಏರುತ್ತದೆ. ಒಂದು ದುಭಾಷಿಯ ವರ್ಷದ ಸಂಬಳದಲ್ಲಿ ಕಾರ್ವರ್ಸ್ ಫೋರ್ಡ್‌ನ ಇಡೀ ಶಾಲೆಯನ್ನು ಒಂದು ಚಳಿಗಾಲ ಬೆಚ್ಚಗಿಡಬಹುದು. ಆಗ ಎರಡೂ ಕಡೆಯವರಿಗೆ ಮಗುವಿನ ಮೇಲೆ ಎಷ್ಟೇ ಅಕ್ಕರೆಯಿದ್ದರೂ ವಿಳಾಸದ ಮೇಲೆ ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದ ದಿನ ಅರ್ಲೀನ್ ಅವರ ಫೋನ್ ರಿಂಗಾಗುತ್ತದೆ.

ಕಳೆದ ಶಾಲಾವರ್ಷದಲ್ಲಿ ಅವರು ಇನ್ನೂರ ಹನ್ನೆರಡು ಮಕ್ಕಳ ಮನೆ ನೋಡಿದ್ದಾರೆ. ಮೂವತ್ತೊಂದು ಸಾವಿರ ಮೈಲಿ ಕಾರು ಓಡಿಸಿದ್ದಾರೆ. ಎರಡು ಸಲ ನಾಯಿ ಕಚ್ಚಿದೆ. ಒಮ್ಮೆ ಮಹಡಿಯ ಕಿಟಕಿಯಿಂದ ಯಾರೋ ಒಂದು ಬಕೆಟ್ ನೀರು ಸುರಿದಿದ್ದಾರೆ. "ಅದು ಮೇ ತಿಂಗಳು, ಸೆಖೆ ಇತ್ತು, ಒಳ್ಳೇದೇ ಆಯ್ತು" ಎನ್ನುತ್ತಾರೆ. ಗಂಡ ಸ್ಟಾನ್ ದಿನಾ ನಾಲ್ಕೂವರೆಗೆ ಎದ್ದು ಆಕೆಯ ಊಟದ ಡಬ್ಬಿ ಕಟ್ಟುತ್ತಾರೆ. ಹಂದಿಮಾಂಸದ ಸ್ಯಾಂಡ್‌ವಿಚ್ಚು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಭಾನುವಾರದ ಕೇಕು ಉಳಿದಿದ್ದರೆ ಒಂದು ತುಂಡು. ಕಟ್ಟುತ್ತಾ ಗೊಣಗುತ್ತಾರೆ: "ಇವಳಿಗೆ ಹದಿನಾಲ್ಕು ಊರಿನ ಹಾಸಿಗೆ ಎಲ್ಲಾ ಗೊತ್ತು. ನಮ್ಮನೇದೊಂದು ಬಿಟ್ಟು."

ಅರ್ಲೀನ್ ಹುಟ್ಟಿದ್ದು ಗಾಜಿನ ಕಾರ್ಖಾನೆಯ ಊರಿನಲ್ಲಿ. ಅಪ್ಪ ಕುಲುಮೆಯ ಮುಂದೆ ನಿಲ್ಲುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ಆಕೆಗೆ ಹತ್ತೊಂಬತ್ತು. ಕಾಲೇಜಿನ ಮಾತು ಅಲ್ಲಿಗೆ ನಿಂತಿತು. ಹನ್ನೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದರು, ಆಮೇಲೆ ಹಾಜರಿ ಪುಸ್ತಕ ನೋಡಿಕೊಳ್ಳುವ ಕೆಲಸಕ್ಕೆ ಬಂದರು. ಯಾವ ಮಗು ಯಾವ ಬೀದಿಯಿಂದ ಬರುತ್ತದೆ, ಯಾರ ಮನೆಯಲ್ಲಿ ಜಗಳ, ಯಾರು ಮನೆ ಬದಲಿಸಿದರು ಎಂಬುದೆಲ್ಲ ಅವರ ತಲೆಯಲ್ಲಿರುತ್ತಿತ್ತು. ಹದಿನೈದು ವರ್ಷದ ಹಿಂದೆ ಕೌಂಟಿ ಕಚೇರಿಗೆ ಸುಳ್ಳು ವಿಳಾಸ ಹಿಡಿಯುವವರು ಬೇಕಾದಾಗ ಇವರನ್ನೇ ಕರೆದರು.

ಮೊದಲ ಎರಡು ವರ್ಷ ಅವರು ಆ ಕೆಲಸದಲ್ಲಿ ಬಹಳ ಚುರುಕು. ಮೇಲಧಿಕಾರಿ ಸಭೆಯಲ್ಲಿ ಹೆಸರು ಹೇಳಿ ಹೊಗಳುತ್ತಿದ್ದರು. ಮೂರನೇ ವರ್ಷ ಒಂದು ಮಗುವಿನ ಮನೆ ನೋಡಲು ಹೋದರು. ಎಂಟು ವರ್ಷದ ಹುಡುಗಿ, ನಡೆಯಲಾಗದು, ಮಾತು ತೊದಲು. ಮನೆಯಿದ್ದ ಊರಿನ ಶಾಲೆಯಲ್ಲಿ ಗಾಲಿಕುರ್ಚಿ ಹತ್ತಿಸುವ ಇಳಿಜಾರೂ ಇರಲಿಲ್ಲ, ಮಾತು ಕಲಿಸುವವರೂ ಇರಲಿಲ್ಲ. ಅದಕ್ಕೇ ಅಪ್ಪ ಅಮ್ಮ ಪಕ್ಕದೂರಿನಲ್ಲಿದ್ದ ಸೋದರಮಾವನ ವಿಳಾಸ ಕೊಟ್ಟು ಅಲ್ಲಿನ ಶಾಲೆಗೆ ಸೇರಿಸಿದ್ದರು. ಅರ್ಲೀನ್ ನಾಲ್ಕು ಬೆಳಿಗ್ಗೆ ಕಾದು ಕೂತು ಹಿಡಿದರು. ವರದಿ ಕೊಟ್ಟ ವಾರದೊಳಗೆ ಮಗುವನ್ನು ಆ ಶಾಲೆಯಿಂದ ತೆಗೆದರು.

"ಅದರಲ್ಲಿ ಒಂದಕ್ಷರ ಸುಳ್ಳು ಇರ್ಲಿಲ್ಲ," ಎನ್ನುವಾಗ ಅರ್ಲೀನ್ ಮಾತು ನಿಧಾನವಾಗುತ್ತದೆ. "ಸುಳ್ಳಿದ್ದಿದ್ರೆ ಯಾರಾದ್ರೂ ಬಂದು ಬೈದು ಸರಿ ಮಾಡ್ತಿದ್ರು. ನಿಜಕ್ಕೆ ಏನ್ ಮಾಡ್ತೀರಿ?"

ಆ ಚಳಿಗಾಲ ಅವರು ಕಾನೂನಿನ ಪುಸ್ತಕ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದಿದರು. ಹೈಸ್ಕೂಲು ಓದಿದವರಿಗೆ ಸುಲಭದ ಓದಲ್ಲ. ಒಂದೊಂದು ವಾಕ್ಯವನ್ನೂ ಸ್ಟಾನ್‌ಗೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು, ಸ್ಟಾನ್ ಅರ್ಥವಾಗದೆ ತಲೆಯಾಡಿಸಬೇಕಿತ್ತು. ಮಾರ್ಚ್ ಹೊತ್ತಿಗೆ ಅವರಿಗೆ ಒಂದು ಸಂಗತಿ ಹೊಳೆಯಿತು. ಆ ಮಗುವಿನ ಅಪ್ಪ ಅಮ್ಮ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ತನ್ನಲ್ಲಿ ಕಲಿಸುವವರಿಲ್ಲ ಎಂದಾದರೆ ಅವರ ಊರಿನ ಜಿಲ್ಲೆಯೇ ಖರ್ಚು ಕೊಟ್ಟು ಮಗುವನ್ನು ಪಕ್ಕದೂರಿಗೆ ಕಳಿಸಬೇಕಿತ್ತು. ಹಾಗೊಂದು ದಾರಿ ಇದೆಯೆಂದು ಅವರಿಗೆ ಹೇಳಿದವರಿಲ್ಲ. ಅರ್ಲೀನ್ ಅವರ ಮನೆಗೆ ಹೋಗಿ ಹೇಳಿದರು. ತಾಯಿ ಬಾಗಿಲು ಅರ್ಧ ತೆರೆದು ಕೇಳಿಸಿಕೊಂಡು ಮುಚ್ಚಿದಳು. ಮುಂದಿನ ಸೆಪ್ಟೆಂಬರಿನಲ್ಲಿ ಮಗು ಪಕ್ಕದೂರಿನ ಶಾಲೆಗೆ ವಾಪಸ್ಸಾಯಿತು. ನಡುವೆ ಕಳೆದ ವರ್ಷ ವಾಪಸ್ಸಾಗಲಿಲ್ಲ.

ಅಂದಿನಿಂದ ಅರ್ಲೀನ್ ಪ್ರತಿ ವರದಿಗೂ ಎರಡನೇ ಪುಟ ಸೇರಿಸುತ್ತಾರೆ. ಮೊದಲ ಪುಟದಲ್ಲಿ ಮಗು ಎಲ್ಲಿ ಮಲಗುತ್ತದೆ ಎಂಬುದು. ಎರಡನೆಯದರಲ್ಲಿ, ಹಾಗಿದ್ದರೆ ಈ ಮಗುವಿನ ಪಾಠಕ್ಕೆ ಯಾರು ಕೊಡಬೇಕು ಎಂಬುದು. ಆ ಪುಟವನ್ನು ಯಾರೂ ಕೇಳಿರಲಿಲ್ಲ. ಅಂದಿನ ಮೇಲಧಿಕಾರಿ ಕರೆದು, ನಿನ್ನ ಕೆಲಸ ಮನೆ ನೋಡುವುದು, ಕಾನೂನು ನೋಡುವುದಲ್ಲ ಎಂದರು. ಅರ್ಲೀನ್ ಹೂಂ ಎಂದು ಬಂದು, ಮರುದಿನವೂ ಎರಡು ಪುಟವನ್ನೇ ಕೊಟ್ಟರು. ಆ ಮೇಲಧಿಕಾರಿ ನಿವೃತ್ತರಾದರು. ಎರಡನೇ ಪುಟ ಉಳಿಯಿತು.

ಈ ಕೆಲಸದ ಕಷ್ಟ ಏನೆಂದು ತಿಳಿಯಬೇಕಾದರೆ ಕಳೆದ ವರ್ಷದ ಹ್ಯಾಡ್ಲಿ ಬ್ರಾಂಟ್ ಪ್ರಕರಣ ಕೇಳಬೇಕು.

ಹ್ಯಾಡ್ಲಿ ಹತ್ತು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಕಿವಿ ಕೇಳದು. ಅಮ್ಮ ಟ್ರಿನಾ ಒಬ್ಬಳೇ ಸಾಕುತ್ತಿದ್ದವಳು, ಮಾರ್ಲೋ ಎಂಬ ಊರಿನಲ್ಲಿ. ನೋವಿನ ಮಾತ್ರೆಯ ಚಟಕ್ಕೆ ಬಿದ್ದಳು. ಹೋದ ವರ್ಷದ ವಸಂತದಲ್ಲಿ ನ್ಯಾಯಾಲಯ ಮಗುವನ್ನು ಇಪ್ಪತ್ತಾರು ಮೈಲಿ ದೂರದ ಕಾರ್ವರ್ಸ್ ಫೋರ್ಡ್‌ನಲ್ಲಿ ಓಪಲ್ ಗ್ರೀಶಾಬರ್ ಎಂಬ ಸಾಕುತಾಯಿಯ ಮನೆಗೆ ಕಳಿಸಿತು. ಓಪಲ್‌ಗೆ ಅರವತ್ತೇಳು, ಲಾರಿಗಳು ನಿಲ್ಲುವ ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಪಾಠ ಕಾರ್ವರ್ಸ್ ಫೋರ್ಡ್ ಶಾಲೆಯಲ್ಲಿ, ಖರ್ಚು ಮಾರ್ಲೋ ಜಿಲ್ಲೆಯದು. ಆ ಹಣದಲ್ಲಿ ಕೀರಾ ಎಂಬ ದುಭಾಷಿ ಬಂದಳು. ಟೀಚರ್ ಪಕ್ಕದಲ್ಲಿ ನಿಂತು, ತರಗತಿಯಲ್ಲಿ ಆಡಿದ ಪ್ರತಿ ಮಾತನ್ನೂ ಕೈಯಲ್ಲಿ ಹೇಳುತ್ತಿದ್ದಳು. ಹ್ಯಾಡ್ಲಿ ಭಿನ್ನರಾಶಿ ಲೆಕ್ಕದಲ್ಲಿ ಇಡೀ ತರಗತಿಗೆ ಮೊದಲು ಬಂದಳು.

ಆಗಸ್ಟಿನಲ್ಲಿ ಟ್ರಿನಾಳ ಬಾಡಿಗೆ ಮನೆ ಹೋಯಿತು, ಫೋನೂ ನಿಂತಿತು. ಸೆಪ್ಟೆಂಬರ್ ಕೊನೆಗೆ ಮಾರ್ಲೋ ಜಿಲ್ಲೆಯಿಂದ ಪತ್ರ ಬಂತು: ತಾಯಿ ಈಗ ನಮ್ಮ ಊರಿನವಳಲ್ಲ, ಇನ್ನು ಮುಂದೆ ಖರ್ಚು ನಮ್ಮದಲ್ಲ. ಕಾರ್ವರ್ಸ್ ಫೋರ್ಡ್ ಶಾಲೆಯ ಮುಖ್ಯಸ್ಥ ಡೇಲ್ ಓಸ್ಬರ್ಗ್ ಕೆಟ್ಟ ಮನುಷ್ಯನಲ್ಲ. ಊರವರು ಎರಡು ಸಲ ಶಾಲಾ ತೆರಿಗೆಗೆ ಬೇಡ ಎಂದು ಓಟು ಹಾಕಿದ್ದರು, ಸಂಗೀತದ ಟೀಚರನ್ನು ಬಿಡಿಸಿಯಾಗಿತ್ತು, ಚಾಲಕ ಬರದ ದಿನ ಆತನೇ ಬಸ್ಸು ಓಡಿಸುತ್ತಿದ್ದ. ಯಾರು ಕೊಡುತ್ತಾರೆಂದು ಗೊತ್ತಿಲ್ಲದೆ ನಾನು ಕೀರಾಳನ್ನು ಹೇಗೆ ಇಟ್ಟುಕೊಳ್ಳಲಿ ಎಂದು ಅರ್ಲೀನ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. ದೊಡ್ಡವರು ಕಿತ್ತಾಡುವಾಗ ಮಗುವಿನ ಪಾಠ ನಿಲ್ಲಬಾರದು ಎಂದು ಕಾನೂನಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅಕ್ಟೋಬರ್ ಮೊದಲ ಸೋಮವಾರ ಕೀರಾ ಬರಲಿಲ್ಲ. ಎರಡು ಜಿಲ್ಲೆಗಳ ಜಗಳದಲ್ಲಿ ಕೂಸು ಬಡವಾಯಿತು.

ಹ್ಯಾಡ್ಲಿ ದಿನಾ ಶಾಲೆಗೆ ಹೋಗುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಓಪಲ್ ಲೈಬ್ರರಿಯಿಂದ ಪುಸ್ತಕ ತಂದು ಅರವತ್ತು ಸನ್ನೆ ಕಲಿತಿದ್ದರು. ಊಟ, ನಿದ್ದೆ, ಚಳಿ, ಬೂಟು. "ಆ ಅರವತ್ತರಲ್ಲಿ, ಕೀರಾ ಯಾಕೆ ಬರ್ತಿಲ್ಲ ಅನ್ನೋದನ್ನ ಹೇಳೋಕೆ ಆಗ್ಲಿಲ್ಲ ಕಣಮ್ಮ" ಎಂದು ಓಪಲ್ ಅರ್ಲೀನ್‌ಗೆ ಹೇಳಿದರು. ಅದು ಆಗಲೇ ಐದನೇ ವಾರ.

ತಾಯಿ ಎಲ್ಲಿದ್ದಾಳೆಂದು ಗೊತ್ತಾಗದೆ ಕಡತ ಮುಂದೆ ಹೋಗುವಂತಿರಲಿಲ್ಲ. ನ್ಯಾಯಾಲಯದವರ ಬಳಿ ಹಳೆಯ ವಿಳಾಸ ಬಿಟ್ಟು ಬೇರೇನಿಲ್ಲ. ಎರಡು ವಾರಕ್ಕೊಮ್ಮೆ ಭಾನುವಾರ ಟ್ರಿನಾ ಮಗಳನ್ನು ನೋಡಲು ಬರುತ್ತಾಳೆ, ಬಂದವಳು ಎಲ್ಲಿದ್ದೀಯ ಎಂದರೆ ಮಾತು ಹಾರಿಸುತ್ತಾಳೆ ಎಂದು ಓಪಲ್ ಹೇಳಿದರು. ಹೇಳುತ್ತಾ ಹೇಳುತ್ತಾ ಇನ್ನೊಂದು ಮಾತೂ ಬಂತು. ಬೆಳಿಗ್ಗೆ ಎಂಟಕ್ಕೇ ಬರುತ್ತಾಳೆ, ಅಪ್ಪಿಕೊಂಡರೆ ಸ್ವೆಟರು ಸೋಪಿನ ವಾಸನೆ ಬರುತ್ತಿರುತ್ತದೆ, ಅದೇ ಬೆಳಿಗ್ಗೆ ಒಗೆದು ಒಣಗಿಸುವ ಯಂತ್ರದಿಂದ ತೆಗೆದ ಹಾಗೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಮುಂಚೆ ತೆರೆಯುವ, ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ ಈ ಕೌಂಟಿಯಲ್ಲಿ ಒಂದೇ ಒಂದು, ಮಾರ್ಲೋದಲ್ಲಿ. ಅರ್ಲೀನ್ ತಮ್ಮ ಮನೆಯ ಟವೆಲುಗಳನ್ನು ತುಂಬಿಕೊಂಡು ಹೋದರು. ಅಂಗಡಿ ನೋಡಿಕೊಳ್ಳುವ ಹೆಂಗಸಿಗೆ ಇವರು ಯಾರೆಂದು ನೋಡಿದ ಕೂಡಲೇ ಗೊತ್ತಾಯಿತು. ಮೂಸೋದಿದ್ರೆ ಬೇರೆ ಕಡೆ ಮೂಸ್ಕೊಳ್ಳಿ, ಇಲ್ಲಿ ಬರೀ ಸೋಪಿನ ವಾಸನೆ ಎಂದಳು. ಅರ್ಲೀನ್ ವಾದ ಮಾಡಲಿಲ್ಲ. ಒಂದು ಗಂಟೆ ಆಕೆಯ ಜೊತೆ ನಿಂತು ಯಾರದೋ ಹೋಟೆಲಿನ ಚಾದರಗಳನ್ನು ಮಡಚಿದರು. ಮಡಚುತ್ತಾ ಹ್ಯಾಡ್ಲಿಯ ಕೊನೆ ಬೆಂಚಿನ ವಿಷಯ ಹೇಳಿದರು. ಹೊರಡುವಾಗ ಆ ಹೆಂಗಸು ಇವರ ಮುಖ ನೋಡದೆ, ಹೆದ್ದಾರಿ ಪಕ್ಕದ ದೊಡ್ಡ ಅಂಗಡಿ ಇದೆಯಲ್ಲ, ಗಿಡ ಮಾರುವ ಕಡೆಯ ಪಾರ್ಕಿಂಗಿನಲ್ಲಿ ಬೂದು ಬಣ್ಣದ ಕಾರು ಎಂದಳು.

ಮರುದಿನ ಬೆಳಿಗ್ಗೆ ಐದೂವರೆಗೆ ಅರ್ಲೀನ್ ಆ ಕಾರಿನ ಪಕ್ಕ ನಿಂತರು. ಒಳಗೆ ಗಾಜಿಗೆಲ್ಲ ಟವೆಲು ಸಿಕ್ಕಿಸಿತ್ತು. ಬೆಳಕಾಗುವವರೆಗೆ ಬಾಗಿಲು ತಟ್ಟಲಿಲ್ಲ. ಟ್ರಿನಾ ತಾನಾಗಿಯೇ ಎದ್ದು ಬಾಗಿಲು ತೆರೆದಾಗ ಫ್ಲಾಸ್ಕಿನ ಕಾಫಿ ಚಾಚಿದರು. ಮೂವತ್ತೊಂದರ ಹೆಂಗಸು, ಹೆದ್ದಾರಿಯ ವಸತಿಗೃಹದಲ್ಲಿ ಕೋಣೆ ಗುಡಿಸುವ ಕೆಲಸದ ಅಂಗಿ ಆಗಲೇ ತೊಟ್ಟಿದ್ದಳು. ಮಾತ್ರೆ ಬಿಟ್ಟು ಐದು ತಿಂಗಳಾಗಿತ್ತು. ಬಾಡಿಗೆಗೆ ಮುಂಗಡ ಕೂಡಿಸುತ್ತಿದ್ದಳು. ಕಾರಿನಲ್ಲಿ ಮಲಗುವುದನ್ನು ಯಾರಿಗೂ ಹೇಳಿರಲಿಲ್ಲ. ಯಾಕೆಂದು ಅರ್ಲೀನ್‌ಗೆ ಕೇಳದೆಯೇ ಅರ್ಥವಾಯಿತು, ಆದರೂ ಟ್ರಿನಾ ಹೇಳಿದಳು.

"ನೀವು ಅದನ್ನ ಬರೆದ್ರೆ ಜಡ್ಜ್ ಓದ್ತಾರೆ. ಕಾರಲ್ಲಿ ಮಲಗೋಳಿಗೆ ಯಾರು ಮಗು ವಾಪಸ್ ಕೊಡ್ತಾರೆ?"

ಇಲ್ಲ, ಹಾಗಾಗಲ್ಲ ಎಂದು ಅರ್ಲೀನ್ ಬೆನ್ನು ಸವರಬಹುದಿತ್ತು. ಸವರಲಿಲ್ಲ.

"ಬರೆದ್ರೆ ಏನಾಗುತ್ತೆ ನಂಗೊತ್ತಿಲ್ಲ ಟ್ರಿನಾ. ಬರೀದೇ ಇದ್ರೆ ಏನಾಗ್ತಿದೆ ಅನ್ನೋದು ಗೊತ್ತು. ಏಳು ವಾರದಿಂದ ನಿನ್ನ ಮಗಳ ಹತ್ರ ಆ ಶಾಲೇಲಿ ಯಾರೂ ಮಾತಾಡಿಲ್ಲ."

ಟ್ರಿನಾ ಕಾಫಿ ಕುಡಿದು ಮುಗಿಸಿದಳು. ಲೋಟದ ಮುಚ್ಚಳವನ್ನು ಅಂಗಿಯ ತುದಿಯಿಂದ ಒರೆಸಿ ವಾಪಸ್ ಕೊಟ್ಟಳು. ಆಮೇಲೆ ಹೇಳಿದ್ದು ಒಂದೇ ಮಾತು.

"ಬರೀರಿ."

ಒಂದು ಬೆಳಿಗ್ಗೆ ಸಾಲದು, ಮೂರು ಬೆಳಿಗ್ಗೆ ಅಲ್ಲೇ ಕಂಡರೆ ಮಾತ್ರ ಅದು ವಾಸಸ್ಥಳ. ಅರ್ಲೀನ್ ಮೂರು ದಿನ ಹೋದರು. ಮೂರನೇ ದಿನ ಇನ್ನೊಂದು ತೊಡಕು ಕಾಣಿಸಿತು. ಆ ಪಾರ್ಕಿಂಗ್ ಜಾಗ ಹಿಂದೆ ಹೊಲವಾಗಿತ್ತು. ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಈಗ ಹಳ್ಳ ಡಾಂಬರಿನ ಕೆಳಗೆ ಕೊಳವೆಯಲ್ಲಿ ಹರಿಯುತ್ತದೆ, ಆದರೆ ಶಾಲಾ ಜಿಲ್ಲೆಗಳ ಗಡಿ ಇವತ್ತಿಗೂ ಅದೇ ಹಳ್ಳ. ಈಚೆ ಮಾರ್ಲೋ, ಆಚೆ ಪೈಕ್ ರನ್. ಕಾರು ಆಚೆ ನಿಂತಿದ್ದರೆ ಹೊಸ ಜಿಲ್ಲೆ, ಹೊಸ ಪತ್ರ, ಹೊಸ ಜಗಳ. ಹ್ಯಾಡ್ಲಿಗೆ ಇಡೀ ಚಳಿಗಾಲದ ಬಣ್ಣ ಹಚ್ಚುವಿಕೆ. ಅರ್ಲೀನ್ ಕೌಂಟಿ ಕಚೇರಿಯ ನಕ್ಷೆ ವಿಭಾಗದಿಂದ ಹಳೆಯ ನಕ್ಷೆ ತಂದರು. ಮೋರಿಯ ಕಬ್ಬಿಣದ ಮುಚ್ಚಳಗಳನ್ನು ಗುರುತಿಟ್ಟುಕೊಂಡು ಗೆರೆ ಹಿಡಿದರು, ಮಂಡಿನೋವಿನ ಕಾಲಿನಲ್ಲಿ ಹೆಜ್ಜೆ ಹಾಕಿ ಎಣಿಸಿದರು. ಟ್ರಿನಾಳ ಕಾರು ಇಪ್ಪತ್ತೆಂಟು ಹೆಜ್ಜೆ ಈಚೆಗಿತ್ತು.

ಆಚೆಗಿದ್ದಿದ್ದರೆ? ಕಾರು ಸ್ವಲ್ಪ ಹಿಂದಕ್ಕೆ ತೆಗೆದುಕೊ ಎಂದು ಟ್ರಿನಾಗೆ ಹೇಳುತ್ತಿದ್ದರೇ? ಅರ್ಲೀನ್ ಈ ಪ್ರಶ್ನೆಯನ್ನು ತಾವೇ ಎಷ್ಟೋ ಸಲ ಕೇಳಿಕೊಂಡಿದ್ದಾರೆಂದು ಮುಖ ನೋಡಿದರೆ ತಿಳಿಯುತ್ತದೆ. "ಹೇಳ್ತಿರ್ಲಿಲ್ಲ. ಆಚೆ ಅಂತಾನೇ ಬರೀತಿದ್ದೆ. ನಾನು ಒಂದ್ ಸಲ ಸುಳ್ಳು ಬರೆದೆ ಅಂತ ಗೊತ್ತಾದ್ರೆ ಉಳಿದ ಮಕ್ಕಳ ಕಾಗದ ಯಾರು ನಂಬ್ತಾರೆ? ಬರೆದು, ಮನೆಗೆ ಹೋಗಿ, ಸ್ಟಾನ್ ಮುಂದೆ ಕೂತು ಅಳ್ತಿದ್ದೆ."

ಕೌಂಟಿ ಕಚೇರಿಯ ಉದ್ದನೆಯ ಮೇಜಿನ ಸುತ್ತ ಎರಡೂ ಜಿಲ್ಲೆಯವರು ಕೂತರು. ಮಾರ್ಲೋ ಜಿಲ್ಲೆಯ ಖಜಾಂಚಿ ಲಾಯ್ಡ್ ಹೆನ್‌ಶಾ ಇಪ್ಪತ್ತು ವರ್ಷದಿಂದ ಒಂದು ಪೈಸೆ ಪೋಲು ಮಾಡದೆ ಶಾಲೆ ನಡೆಸಿದವರು. ಕಡತ ಓದಿ ಮುಗಿಸಿ ಕನ್ನಡಕ ತೆಗೆದರು. "ಕಾರಿಗೆ ಊರು ಅಂತ ಇರಲ್ಲ ಅರ್ಲೀನ್. ಅದಕ್ಕೆ ಚಕ್ರ ಇದೆ."

ಅರ್ಲೀನ್ ಸಭೆಗಳಲ್ಲಿ ಮಾತಾಡುವವರಲ್ಲ, ವರದಿ ಕೊಟ್ಟು ಗೋಡೆ ಪಕ್ಕ ಕೂರುವವರು. ಅವತ್ತು ಕೂತಲ್ಲಿಂದಲೇ ಮಾತಾಡಿದರು. "ಮೂರು ಬೆಳಿಗ್ಗೇನೂ ಚಕ್ರದ ಸುತ್ತ ಹಿಮ ಬಿದ್ದಿತ್ತು, ಲಾಯ್ಡ್. ಕಾರಿನಡಿ ನೆಲ ಒಣಗಿತ್ತು. ಬಗ್ಗಿ, ಕೈ ಇಟ್ಟು ನೋಡಿದೀನಿ. ರಾತ್ರಿ ಅದು ಎಲ್ಲಿಗೂ ಹೋಗಿಲ್ಲ. ಅದು ಮನೆಯೋ ಅಲ್ವೋ ನೀವೇ ಹೇಳಿ. ಆದ್ರೆ ಆ ತಾಯಿ ಮಲಗಿದ್ದು ನಿಮ್ಮೂರಲ್ಲಿ."

ಕಡತ ರಾಜ್ಯದ ಕಚೇರಿಗೆ ಹೋಯಿತು. ಒಂಬತ್ತು ದಿನಕ್ಕೆ ಉತ್ತರ ಬಂತು: ಖರ್ಚು ಮಾರ್ಲೋ ಜಿಲ್ಲೆಯದು, ಕಳೆದ ವಾರಗಳದ್ದೂ ಸೇರಿ.

ಡಿಸೆಂಬರಿನ ಒಂದು ಮಂಗಳವಾರ ಕೀರಾ ವಾಪಸ್ ಬಂದಳು. ಓಪಲ್ ಅಂದು ಶಾಲೆಯ ಪಡಸಾಲೆಯಲ್ಲಿ ನಿಂತು ಬಾಗಿಲ ಗಾಜಿನಿಂದ ನೋಡುತ್ತಿದ್ದರು. ಹ್ಯಾಡ್ಲಿ ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದರು. ಹ್ಯಾಡ್ಲಿ ಅರ್ಧ ಗಂಟೆ ತಲೆಯನ್ನೇ ಎತ್ತಲಿಲ್ಲ. ಬಣ್ಣದ ಕಡ್ಡಿ ಕೆಳಗಿಡಲಿಲ್ಲ. ಕೀರಾ ಅವಳೆದುರು ನೆಲದ ಮೇಲೆ ಕೂತು ಕಾದಳು. ಕೊನೆಗೆ ಮಗು ಕೈಯಲ್ಲಿ ಒಂದು ಪ್ರಶ್ನೆ ಕೇಳಿತು. ಆ ಪ್ರಶ್ನೆ ಓಪಲ್‌ಗೆ ಅರ್ಥವಾಯಿತು. ಅವರಿಗೆ ಗೊತ್ತಿದ್ದ ಅರವತ್ತು ಸನ್ನೆಗಳಲ್ಲೇ ಅದೂ ಇತ್ತು.

"ನಿಂಗೆ ಹುಷಾರಿರ್ಲಿಲ್ವಾ?"

ಇಲ್ಲ, ನಾನು ಚೆನ್ನಾಗಿದ್ದೆ, ದೊಡ್ಡವರು ಜಗಳ ಆಡ್ತಿದ್ರು ಎಂದು ಕೀರಾ ಹೇಳಿದಳು. ಜಗಳ ಮುಗೀತಾ ಎಂದು ಹ್ಯಾಡ್ಲಿ ಕೇಳಿದಳು. ಮುಗೀತು ಎಂದಳು ಕೀರಾ. ಆಮೇಲೆ ಹ್ಯಾಡ್ಲಿಯ ಕೈ ನಿಂತದ್ದು ಊಟದ ಗಂಟೆ ಹೊಡೆದಾಗಲೇ. ಅಷ್ಟು ವಾರಗಳಲ್ಲಿ ಉದುರಿದ ಹಲ್ಲು, ಓಪಲ್ ಮನೆಯ ಬೆಕ್ಕು ಮರಿ ಹಾಕಿದ್ದು, ಬಸ್ಸಿನಲ್ಲಿ ಒಬ್ಬಳು ಜಡೆ ಎಳೆದದ್ದು, ಎಲ್ಲ ಒಂದರ ಮೇಲೊಂದು. ಕೀರಾ ಆಮೇಲೆ ಬಿಡಿಸಿ ಹೇಳಿದ್ದನ್ನೆಲ್ಲ ಓಪಲ್ ಅರ್ಲೀನ್‌ಗೆ ಫೋನಿನಲ್ಲಿ ಹೇಳಿದರು.

ಟ್ರಿನಾ ಹೆದರಿದ್ದ ಹಾಗೆ ವರದಿ ಜಡ್ಜ್ ಮೇಜಿಗೂ ಹೋಯಿತು. ಅಲ್ಲಿ ಅದನ್ನು ಓದಿದ ಅಧಿಕಾರಿಯೊಬ್ಬಳು, ಐದು ತಿಂಗಳಿಂದ ಮಾತ್ರೆ ಮುಟ್ಟದ, ಕೆಲಸ ತಪ್ಪಿಸದ ಈ ಹೆಂಗಸಿಗೆ ಮೊದಲು ಮನೆ ಕೊಡಿಸಿ ಎಂದು ವಸತಿ ಪಟ್ಟಿಯಲ್ಲಿ ಹೆಸರು ಮೇಲಕ್ಕೇರಿಸಿದಳು. ಫೆಬ್ರುವರಿಯಲ್ಲಿ ಮಾರ್ಲೋದಲ್ಲೇ ಒಂದು ಕೋಣೆ ಸಿಕ್ಕಿತು. ಹ್ಯಾಡ್ಲಿ ಇನ್ನೂ ಓಪಲ್ ಮನೆಯಲ್ಲೇ ಇದ್ದಾಳೆ. ಶನಿವಾರ ರಾತ್ರಿ ಅಮ್ಮನ ಕೋಣೆಯಲ್ಲಿ ಮಲಗಬಹುದು ಎಂದು ಜಡ್ಜ್ ಒಪ್ಪಿದ್ದಾರೆ. ಮುಂದಿನ ವಿಚಾರಣೆ ಜನವರಿಗೆ. ಏನಾಗುತ್ತದೋ ಯಾರಿಗೂ ಗೊತ್ತಿಲ್ಲ.

ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಅರ್ಲೀನ್ ಅದನ್ನು ಮುಚ್ಚಿಡುವುದಿಲ್ಲ. ಮಾರ್ಲೋ ಜಿಲ್ಲೆ ಶ್ರೀಮಂತ ಜಿಲ್ಲೆಯಲ್ಲ. ಹ್ಯಾಡ್ಲಿಯ ಖರ್ಚು ಹೊಂದಿಸಲು ಅವರು ತಮ್ಮದೇ ಶಾಲೆಯ ಒಬ್ಬ ಸಹಾಯಕಿಯ ಕೆಲಸವನ್ನು ಅರ್ಧ ದಿನಕ್ಕಿಳಿಸಿದರು. ಮಾರ್ಚಿನಲ್ಲಿ ಅರ್ಲೀನ್ ಕಚೇರಿಗೆ ಸಹಿಯಿಲ್ಲದ ಪತ್ರ ಬಂತು. ನಿಮ್ಮಿಂದಾಗಿ ನನ್ನ ಮಗ ಮಧ್ಯಾಹ್ನದ ಮೇಲೆ ಒಬ್ಬನೇ ಕೂರುತ್ತಾನೆ ಎಂದಷ್ಟೇ ಇತ್ತು. ಆ ಪತ್ರ ಇಂದಿಗೂ ಅವರ ಮೇಜಿನ ಮೊದಲ ಡ್ರಾಯರಿನಲ್ಲಿದೆ. "ಅದೂ ನಿಜಾನೇ," ಎನ್ನುತ್ತಾರೆ. "ಯಾರು ಬರೆದ್ರು ಅಂತ ಹುಡುಕೋದು ನಂಗೆ ಕಷ್ಟ ಇರ್ಲಿಲ್ಲ. ಹುಡುಕಿ 'ನೀವೂ ಕೇಳಿ, ಹೀಗೆ ಅರ್ಜಿ ಹಾಕಿ' ಅಂತ ಹೇಳ್ಬಂದೆ. ಆಕೆ ನೀರು ಸುರೀಲಿಲ್ಲ, ಅಷ್ಟೇ ಪುಣ್ಯ." ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಪ್ರತಿ ಸೋಮವಾರ ಅರ್ಲೀನ್ ಫೋನ್ ಮಾಡಿ ವಿಚಾರಿಸುತ್ತಾರೆ.

ಬರುವ ಜೂನ್‌ಗೆ ಅವರ ನಿವೃತ್ತಿ. ಬದಲಿಗೆ ಮನುಷ್ಯರನ್ನು ತೆಗೆದುಕೊಳ್ಳುವುದೋ, ಕರೆಂಟ್ ಬಿಲ್ಲು, ವಾಹನದ ನೋಂದಣಿ ಎಲ್ಲ ಹೊಂದಿಸಿ ನೋಡುವ ಕಂಪ್ಯೂಟರ್ ವ್ಯವಸ್ಥೆ ತರುವುದೋ ಎಂದು ಕೌಂಟಿ ಯೋಚಿಸುತ್ತಿದೆ. ಆ ಯಂತ್ರವನ್ನು ತೋರಿಸಲು ಬಂದ ಯುವಕ ಮೂರು ಸೆಕೆಂಡಿನಲ್ಲಿ ಒಂದು ಮಗುವಿನ ಊರು ಹೇಳಿದನಂತೆ. ಅರ್ಲೀನ್ ಚಪ್ಪಾಳೆ ತಟ್ಟಿದರು. ಆಮೇಲೆ, ಕರೆಂಟ್ ಬಿಲ್ಲೇ ಇಲ್ಲದವರ ಮಗು ಬಂದರೆ ಏನು ಹೇಳುತ್ತದೆ ಎಂದು ಕೇಳಿದರು. ವಿವರ ಸಿಗಲಿಲ್ಲ ಎಂದು ತೋರಿಸುತ್ತದೆ ಎಂದ ಯುವಕ.

ಅವರಿಗೆ ಸನ್ಮಾನ ಬೇಡ, ಹಾರ ತುರಾಯಿ ಬೇಡ. ಒಂದೇ ಆಸೆ ಇದೆ. ತಮ್ಮ ಜಾಗಕ್ಕೆ ಒಬ್ಬರನ್ನು ಜನವರಿಯಲ್ಲೇ ತೆಗೆದುಕೊಂಡರೆ ಐದು ತಿಂಗಳು ಜೊತೆಗೆ ಕರೆದುಕೊಂಡು ತಿರುಗಬಹುದು, ಯಾರ ಬಾಗಿಲು ಹೇಗೆ ತಟ್ಟಬೇಕು, ಎಲ್ಲಿ ತಟ್ಟದೆ ಕಾಯಬೇಕು ಎಂದು ತೋರಿಸಬಹುದು. ಮೇಲಿನವರಿಗೆ ಎರಡು ಸಲ ಬರೆದುಕೊಟ್ಟಿದ್ದಾರೆ. ಪ್ರತಿ ಸಲವೂ ಎರಡು ಪುಟ.

ಬಿಳಿ ಮನೆಯ ಮೂರನೇ ಬೆಳಗಿನ ಕೆಲಸ ಮುಗಿದಿದೆ. ಕಾರಿನಲ್ಲಿ ಕೂತು, ಬೆರಳಿಗೆ ಬಾಯಿಂದ ಬಿಸಿ ಊದಿಕೊಂಡು ಅರ್ಲೀನ್ ಕಾಗದದ ಕೊನೆಯ ಸಾಲು ತುಂಬುತ್ತಾರೆ. ಹುಡುಗಿಯ ಹೆಸರು, ಚಿಕ್ಕಮ್ಮನ ಬೀದಿ, ಅಪ್ಪನ ಊರು, ಕೊಡಬೇಕಾದ ಜಿಲ್ಲೆ. ಸಹಿ ಹಾಕಿ ಮಡಚಿದ ಮೇಲೆ, ಈ ಹದಿನೈದು ವರ್ಷದಲ್ಲಿ ಏನು ಸಾಧಿಸಿದೆ ಅನಿಸುತ್ತದೆ ಎಂದು ಕೇಳಿದ್ದಕ್ಕೆ ಮೊದಲು ಕೈ ಅಲ್ಲಾಡಿಸುತ್ತಾರೆ. ಆಮೇಲೆ ಇಂಜಿನ್ ಶುರು ಮಾಡಿ, ಅದರ ಸದ್ದಿನ ನಡುವೆ ಹೇಳುತ್ತಾರೆ.

"ಈ ಹದಿನಾಲ್ಕು ಜಿಲ್ಲೇಲಿ ಊರಿಲ್ಲದ ಮಗು ಇವತ್ತು ಒಂದೂ ಇಲ್ಲ. ನಾಳೆದು ನಾಳೆ ನೋಡ್ತೀನಿ."